ಇಳಿತದ ಹೊತ್ತಿಗೆ ಬಂದ ಗಿರಾಕಿ

ಈನಿಡ್ ಟ್ರಾಂಟರ್ ತನ್ನ ಜಾಗ ಮಾರಲು ಹೊರಟು ಆಗಲೇ ಮೂರನೇ ವರ್ಷ. ಮಲೆಟ್ ಕೊಲ್ಲಿಯ ತುದಿಯಲ್ಲಿ ಇಡೀ ಒಂದು ಗುಡ್ಡ, ನೆತ್ತಿಯಲ್ಲಿ ಮನೆ, ಸುತ್ತ ನೀಲಗಿರಿ ಕಾಡು, ಕೆಳಗೆ ನೀರು. ರಸ್ತೆ ಇಲ್ಲ, ದೋಣಿಯೇ ಗತಿ. ಜಾಹೀರಾತಿನಲ್ಲಿ ಅದಕ್ಕೆ 'ಏಕಾಂತ' ಎಂದು ಹೆಸರಿಟ್ಟಿದ್ದರು. ಈನಿಡ್ ಅದನ್ನು ಮೊಣಕಾಲು ನೋವು ಎನ್ನುತ್ತಿದ್ದಳು. ಹಿಟ್ಟಿನ ಚೀಲ, ಡೀಸೆಲ್ ಡಬ್ಬ, ಕೋಳಿಯ ಕಾಳು, ಎಲ್ಲವೂ ಗುಡ್ಡ ಹತ್ತಿದ್ದು ಅವಳ ಬೆನ್ನ ಮೇಲೆ. ಗ್ಯಾಸ್ ಸಿಲಿಂಡರನ್ನು ನಾನು ದೋಣಿಯಲ್ಲಿ ತಂದು ದಕ್ಕೆಯ ಮೇಲೆ ಇಳಿಸುತ್ತಿದ್ದೆ. ಮೇಲಕ್ಕೆ ಹೊರುವುದು ನನ್ನ ದರದಲ್ಲಿ ಸೇರಿರಲಿಲ್ಲ. ಗಂಡ ರೆಗ್ ಬದುಕಿದ್ದಾಗಲೂ ಹೊತ್ತವಳು ಅವಳೇ. ಅವನಿಗೆ ಸೊಂಟ ಹಿಡಿದಿತ್ತು. ಮೀನು ಹಿಡಿಯುವಾಗ ಮಾತ್ರ ಬಿಡುತ್ತಿತ್ತು.

ಪಟ್ಟಣದಲ್ಲಿ ಈನಿಡ್‌ಳ ತಂಗಿಯ ಪಕ್ಕಕ್ಕೇ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಮೆಟ್ಟಿಲಿಲ್ಲ, ನಲ್ಲಿಯಲ್ಲಿ ಬಿಸಿನೀರು. ಚಳಿಗಾಲದೊಳಗೆ ಈ ಗುಡ್ಡ ಮಾರಾಟವಾಗದಿದ್ದರೆ ಅದು ಬೇರೆಯವರ ಪಾಲು.

ಮಾರಿಸಿಕೊಡುವ ದಲ್ಲಾಳಿ ಲೈಲ್‌ಗೆ ಒಂದೇ ವಿದ್ಯೆ ಗೊತ್ತಿತ್ತು: ಉಬ್ಬರದಲ್ಲಿ ಗಿರಾಕಿಯನ್ನು ತರುವುದು, ನೀರಿಳಿಯುವ ಮೊದಲು ಸಾಗಹಾಕುವುದು. ಗಿರಾಕಿಗಳು ಹೊಳೆಯುವ ನೀರು ನೋಡಿ ಕರಗುತ್ತಿದ್ದರು. ಆಮೇಲೆ ಇನ್ನೊಂದು ದಿನ ತಾವೇ ಬಂದು, ಕೊಲ್ಲಿ ತುಂಬ ಕೆಸರು ನೋಡಿ, ಅವನ ಫೋನ್ ಎತ್ತುವುದನ್ನೇ ಬಿಡುತ್ತಿದ್ದರು.

"ಮೊದ್ಲು ಕೆಸರೇ ತೋರ್ಸೋ ಮಾರಾಯ" ಎಂದು ಈನಿಡ್ ಹೇಳಿ ಸೋತಿದ್ದಳು.

"ಕೆಸರು ತೋರ್ಸಿ ಯಾರಿಗೆ ಮಾರ್ಲಿ? ಹಂದಿಗಾ?"

ಬೇಸಿಗೆಯುದ್ದಕ್ಕೂ ನಮ್ಮ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಉಬ್ಬರದ ಪಟ್ಟಿ ಮಾತ್ರ ಹಳೆಯ ಹೊತ್ತಿನಲ್ಲೇ ಅಚ್ಚಾಗುತ್ತದೆ. ನಾವು ಒಂದು ಗಂಟೆ ಕೂಡಿಸಿಕೊಳ್ಳಬೇಕು. ನಮ್ಮಲ್ಲಿ ಬೇಸಿಗೆ ಮುಗಿಯುವುದು ಏಪ್ರಿಲ್‌ಗೆ; ಆ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಬಂದಿತ್ತು. ಲೈಲ್ ಗಡಿಯಾರ ತಿರುಗಿಸಿದ, ಕೂಡಿಸುವ ಚಾಳಿ ಮಾತ್ರ ಬಿಡಲಿಲ್ಲ. ನಿವೃತ್ತ ಹಲ್ಲಿನ ಡಾಕ್ಟರ್ ಫರ್ಗಸ್ ಎಂಬುವರನ್ನು ಕರೆದುಕೊಂಡು ಒಂದು ಗಂಟೆ ತಡವಾಗಿ ಬಂದಿಳಿದಾಗ ನೀರು ಆಗಲೇ ಇಳಿಮುಖ.

ನಾನು ಸಿಲಿಂಡರ್ ಇಳಿಸಿ ಹೊರಟಿದ್ದೆ. ಈನಿಡ್ ದಕ್ಕೆಯ ಕಂಬ ನೋಡಿದಳು. ಇಳಿದ ನೀರಿನ ಒದ್ದೆ ಗುರುತು ಒಂದು ಗೇಣು ಮೇಲೆ ಕಾಣುತ್ತಿತ್ತು. ನನ್ನ ಮುಖವನ್ನೂ ನೋಡಿದಳು.

"ನೀನೂ ಬಾ. ಕುಂಬಳಕಾಯಿ ಸ್ಕೋನ್ ಮಾಡಿದೀನಿ."

ಹತ್ತು ವರ್ಷದಲ್ಲಿ ಒಂದು ಲೋಟ ನೀರು ಕೊಡದವಳು! ನಾನು ಆ ಬಿಸಿ ಬನ್ನು ತಿಂದೆ, ನೀರಿಳಿಯುವ ಮಾತೆತ್ತದೆ ಬಾಯಿ ಮುಚ್ಚಿಕೊಂಡೆ. ಅವಳು ಟೀ ಬಗ್ಗಿಸುತ್ತಲೇ ಇದ್ದಳು. ಲೈಲ್ ವಾಚು ನೋಡಿದಾಗಲೆಲ್ಲ, "ಇನ್ನೂ ಹೊತ್ತಿದೆ ಕಣೋ, ಬೆಣ್ಣೆ ಹಚ್ಕೋ" ಎನ್ನುವಳು.

ಕೆಳಗಿಳಿದಾಗ ಎರಡೂ ದೋಣಿ ಕೆಸರಿನಲ್ಲಿ ವಾಲಿಕೊಂಡಿದ್ದವು. ತಳ್ಳಲು ಹೋದ ಲೈಲ್ ತೊಡೆಯವರೆಗೆ ಹೂತ. ಅವನು ಬಂದ, ಒಂದು ಬೂಟು ಬರಲಿಲ್ಲ.

"ಈನಿಡ್, ನಿಂಗೆ ಗೊತ್ತಿತ್ತು!"

"ನಂಗೆ ಸಾಕಾಗಿದೆ ಲೈಲ್" ಎಂದಳು ಅವಳು, ದಕ್ಕೆಯ ಹಲಗೆಯ ಮೇಲೆ ಕೂರುತ್ತ. "ಬೇಡ ಅನ್ನೋದಾದ್ರೆ ಡಾಕ್ಟ್ರು ಇವತ್ತೇ ಅಂದ್ಬಿಡ್ಲಿ."

ಡಾಕ್ಟರ್ ಕೆಸರನ್ನೇ ನೋಡುತ್ತಿದ್ದರು. ಏಡಿಗಳು ಹೊರಗೆ ಬಂದವು. ಸೊಳ್ಳೆಗಳೂ ಬಂದವು.

"ಹೀಗೆ ಎಷ್ಟೊತ್ತು?" ಎಂದರು ಡಾಕ್ಟರ್.

"ಸಂಜೆವರೆಗೂ. ದಿನಾ ಎರಡು ಸಲ" ಎಂದಳು ಈನಿಡ್.

"ಆಗ ಯಾರಾದ್ರೂ ಬರ್ಬೇಕು ಅಂದ್ರೆ?"

"ಬರೋಕಾಗಲ್ಲ ಡಾಕ್ಟ್ರೇ."

"ನಮ್ಮಣ್ಣನ ಮಕ್ಕಳು?"

"ಅವ್ರೂ ಅಷ್ಟೇ."

"ಹಲ್ಲುನೋವು ಅಂತ ಬರೋರು?"

"ದವಡೆ ಎಷ್ಟೇ ಊದಿರ್ಲಿ."

ಡಾಕ್ಟರ್ ಅವಳ ಪಕ್ಕದಲ್ಲೇ ಕೂತರು. ಜೀವಮಾನವಿಡೀ ತೆರೆದ ಬಾಯಿಗಳನ್ನೇ ಕಂಡವರ ಮುಖದಲ್ಲಿ ಮೊದಲ ಬಾರಿಗೆ ಒಂದು ನೆಮ್ಮದಿ. ಲೈಲ್ ಒಂದು ಕಾಲಲ್ಲಿ ನಿಂತು ಬೆಲೆ ಹೇಳಿದ. ಅವರು ಚೌಕಾಸಿಯನ್ನೇ ಮಾಡಲಿಲ್ಲ.

ಚಳಿಗಾಲಕ್ಕೆ ಮೊದಲೇ ಈನಿಡ್ ಹೊರಟಳು. ನಾನು ದೋಣಿ ಕಟ್ಟಿ, ರೂಢಿಯಂತೆ ದಕ್ಕೆಯಲ್ಲೇ ನಿಂತೆ. ಅವಳು ಬರಿಗೈಯಲ್ಲಿ ಇಳಿದು ಬಂದು, ದೋಣಿಯಲ್ಲಿ ಕೂತು ಕಣ್ಣು ಮುಚ್ಚಿದಳು.

"ಸಾಮಾನು?"

"ಮೇಲಿದೆ. ಮೂರು ಪೆಟ್ಟಿಗೆ."

ನಾನು ಗುಡ್ಡ ನೋಡಿದೆ. ಅವಳು ಕಣ್ಣು ತೆರೆಯಲಿಲ್ಲ.

"ಬೇಗ ಹೋಗ್ಬಾ. ನೀರು ಇಳೀತಾ ಇದೆ."