ಬೇಲಿ ಬಿದ್ದ ಮೈ

"ಓಡೂದಕ್ಕ ಡಿಗ್ರಿ ಕೊಡ್ತಾರಂದ್ರ ನಮ್ಮ ಎತ್ತಿಗೂ ಒಂದ್ ಬರಬೇಕಲ್ಲೋ. ನಿನ್ನ ಕೈಲೆ ಆಗೂದಲ್ಲ ಬಿಡು," ಎಂದವರು ನನ್ನ ಕಾಕಾ ನಿಂಗಪ್ಪ, ತಿರ್ಲಾಪುರದ ಗರಡಿಯ ಹಳೆಯ ಪೈಲ್ವಾನರು. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವನು ನಾನೊಬ್ಬನೇ. ಕಾಕಾನ ಮಾತಿನ ಸಿಟ್ಟಿನಲ್ಲೇ ದೈಹಿಕ ಶಿಕ್ಷಣದ ಪದವಿಗೆಂದು ನಾಗಪುರದ ರೈಲು ಹತ್ತಿದೆ.

ನಮ್ಮೂರಲ್ಲಿ ನಸುಕಿಗೆ ಯಾರಾದರೂ ಓಡಿದರೆ ಎತ್ತು ಹಗ್ಗ ಹರಿದುಕೊಂಡಿದೆ ಎಂದರ್ಥ. ಅಲ್ಲಿ ಏನೂ ಕಳೆದುಕೊಳ್ಳದ ನೂರು ಹುಡುಗರು ಚಳಿಗೆ ಬಾಯಲ್ಲಿ ಹೊಗೆ ಬಿಡುತ್ತ ಓಡುತ್ತಿದ್ದರು. ಊಟಕ್ಕೆ ರೊಟ್ಟಿಯಿಲ್ಲ, ಹಾಳೆಯಂಥ ಚಪಾತಿ, 'ವರಣ' ಎಂಬ ತೆಳ್ಳನೆಯ ಬೇಳೆ. ಅದಕ್ಕೂ ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಜ್ವರಕ್ಕೆ. ಜೋರಾಗಿ ಓಡಿದ ಎರಡೇ ದಿನಕ್ಕೆ ನೆಗಡಿ, ಗಂಟಲುನೋವು, ಚಳಿ. ಹತ್ತು ಜನರ ಕೋಣೆಯಲ್ಲಿ ಒಬ್ಬ ಕೆಮ್ಮಿದರೆ ಸಾಕು, ಮೊದಲು ಮಲಗುವವನು ನಾನು. ತರಬೇತುದಾರರು 'ಕಾಮ್‌ಚೋರ್' ಎಂದರು, ಕೆಲಸಗಳ್ಳ. ಹೊಲದಲ್ಲಿ ದುಡಿದು ಬಂದವನಿಗೆ. ಹಟಕ್ಕೆ ಜ್ವರದಲ್ಲೇ ಇನ್ನಷ್ಟು ಓಡಿದೆ. ಕೊನೆಯ ವರ್ಷದ ಹತ್ತು ಕಿಲೋಮೀಟರ್ ಪರೀಕ್ಷೆಯಲ್ಲಿ ಏಳನೆಯದಕ್ಕೇ ಕುಸಿದು ಕೂತೆ. ಪದವಿ ಒಂದು ವರ್ಷ ಮುಂದೆ ಹೋಯಿತು.

ಮರುವರ್ಷ ಪಾಠ ಹೇಳಲು ಬಂದ ಡಾಕ್ಟರೊಬ್ಬರು, ಎಳೆಯ ಓಟಗಾರರು ಮಿತಿಮೀರಿ ದಣಿದರೆ ರೋಗದ ಜೊತೆ ಹೊಡೆದಾಡುವ ಶಕ್ತಿ ಕೆಲ ಹೊತ್ತು ತಗ್ಗುವಂತೆ ಕಾಣುತ್ತದೆ, ಪೂರ್ತಿ ಇನ್ನೂ ತಿಳಿದಿಲ್ಲ ಎಂದರು. ನನಗೆ ನನ್ನ ಮೇಲೇ ಸಿಟ್ಟು ಬಂತು. ನಮ್ಮ ಗರಡಿಯಲ್ಲಿ ಜೋರು ಕುಸ್ತಿಯ ಮರುದಿನ ಪೈಲ್ವಾನರು ಜನ ಸೇರುವ ಸಂತೆಗೆ ಹೋಗುವಂತಿರಲಿಲ್ಲ. ಮೈಗೆ ಎಣ್ಣೆ ತಿಕ್ಕಿಕೊಂಡು ಮನೆಯಲ್ಲೇ ಮಲಗಬೇಕು. "ದಣದ ಮೈ ಅಂದ್ರ ಬೇಲಿ ಬಿದ್ದ ಹೊಲ ಇದ್ದಂಗಲೇ, ಯಾವ ದನಾನೂ ನುಗ್ಗತೈತಿ," ಎನ್ನುತ್ತಿದ್ದರು ಕಾಕಾ. ಕಲಿತವನೆಂಬ ಸೊಕ್ಕಿನಲ್ಲಿ ನಕ್ಕಿದ್ದೆ.

ವಿಶ್ರಾಂತಿ ಕೇಳಿದೆ, ಬೈಗುಳ ಸಿಕ್ಕಿತು. ಆದರೂ ಜೋರು ಓಟದ ಮರುದಿನ ಮೈದಾನಕ್ಕೆ ಹೋಗದೆ, ಕೋಣೆಯನ್ನೂ ಬಿಟ್ಟು ವರಾಂಡದಲ್ಲಿ ಒಬ್ಬನೇ ಮಲಗತೊಡಗಿದೆ. ಆ ಸಲ ಪರೀಕ್ಷೆಗೆ ಜ್ವರವಿಲ್ಲದೆ ನಿಂತೆ, ಹತ್ತೂ ಮುಗಿಸಿದೆ.

ಈಗ ನಾಗಪುರದಲ್ಲೇ ಮಾಸ್ತರ. ಅಲ್ಲಿ ನಾನು 'ಮದ್ರಾಸಿ', ಊರಿಗೆ ಬಂದರೆ 'ನಾಗಪುರದಾಂವ'. ಪದವಿಪತ್ರ ತಂದು ಕಾಕಾನ ಕೈಗೆ ಕೊಟ್ಟೆ, ಅವರ ಮಾತು ನೆನೆದು ವರಾಂಡದಲ್ಲಿ ಮಲಗಿದ್ದನ್ನೂ ಹೇಳಿದೆ. ಓದಲು ಬಾರದವರು ಧೋತರಕ್ಕೆ ಕೈ ಒರೆಸಿಕೊಂಡು, ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದರು.

"ಎಲ್ಲಾರ ಸಹಿ ಅದಾವು. ಮಲಗೂದು ಕಲಿಸಿದಾಂವನ ಸಹಿ ಎಲ್ಲೈತಿಲೇ ಇದರಾಗ?"