ಹೊಸ ಹೋಟೆಲಿನ ಫ್ಯಾಮಿಲಿ ರೂಮು

ಕೇಳಿ ಮಾರಾಯ್ರೇ, ಇವತ್ತು ಮಧ್ಯಾಹ್ನ ಬಸ್ಸು ಹೊಸನಗರದಲ್ಲಿ ನಿಂತಾಗ ನಾನೂ ಚಿಕ್ಕಮ್ಮನೂ, ಹೆಂಗಸರಿಬ್ಬರೇ, ಎದುರಿನ ಹೊಸ ಹೋಟೆಲಿಗೆ ಹೋದೆವು. ಚಿಕ್ಕಮ್ಮ ಮೂವತ್ತು ವರ್ಷದಿಂದ ಈ ಸೀಮೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಸಾಗರ, ತೀರ್ಥಹಳ್ಳಿಯಲ್ಲಿರುವ ಹೋಟೆಲಿನದೇ ಮೂರನೆಯ ಬ್ರಾಂಚು ಇದು. ಅದೇ ಕಲ್ಲಿನ ಮೇಜು, ಅದೇ ದೊಡ್ಡ ರೇಡಿಯೋ, ಕೈತೊಳೆಯುವಲ್ಲಿ ಅದೇ ಕನ್ನಡಿ, ಹಸಿರು ಪರದೆಯ ಫ್ಯಾಮಿಲಿ ರೂಮು.

ಹಾಲಿನಲ್ಲಿ ಕೂತೆವು. ಮಾಲೀಕರೇ ಓಡಿಬಂದರು. "ಇಲ್ಲಿ ಗಂಡಸ್ರು ಮಾತ್ರ, ಅಮ್ಮ."

ಎದ್ದು ಹೋಗಿ ಫ್ಯಾಮಿಲಿ ರೂಮಿನ ಪರದೆ ಸರಿಸಿದೆವು. ಮಾಲೀಕರು ಅಲ್ಲಿಗೂ ಬಂದರು. "ಅದು ಫ್ಯಾಮಿಲಿಯವ್ರಿಗೆ. ಜೊತೆಗೆ ಗಂಡಸ್ರು ಬಂದಿದಾರಾ?"

"ಹಂಗಾದ್ರೆ ನಾವು ರಸ್ತೇಲಿ ನಿಂತ್ಕಂಡು ತಿನ್ಬೇಕಾ?" ನನಗೆ ಸಿಟ್ಟೇ ಬಂತು.

"ಮೂರೂ ಹೋಟ್ಲಲ್ಲಿ ಇದೇ ರೂಲ್ಸು."

ಚಿಕ್ಕಮ್ಮ ಹಾಲಿನತ್ತ ತಿರುಗಿ, "ನನ್ ಕೈಲಿ ಹುಟ್ಟಿದವ್ರು ಯಾರಾದ್ರೂ ಇದೀರೇನ್ರೋ?" ಎಂದು ಗಟ್ಟಿಯಾಗಿ ಕೇಳಿದರು.

"ನಾನಿದೀನಿ, ನರ್ಸಮ್ಮ!" ನಮ್ಮ ಬಸ್ಸಿನ ಕಂಡಕ್ಟರ್ ತಟ್ಟೆ ಹಿಡಿದೇ ಎದ್ದ. ಅವನ ಹಿಂದೆ ಇನ್ನೂ ಮೂವರು. ದೋಸೆ ಹೊಯ್ಯುವ ಭಟ್ಟನೂ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದ.

ನಾಲ್ಕು ಕುರ್ಚಿಯ ಫ್ಯಾಮಿಲಿ ರೂಮಿನಲ್ಲಿ ಏಳು ಜನ ಕೂತೆವು. ಭಟ್ಟನೂ ಫ್ಯಾಮಿಲಿ ಸೇರಿದ್ದರಿಂದ ನಮ್ಮ ದೋಸೆಯನ್ನು ಮಾಲೀಕರೇ ಹೊಯ್ದು ತಂದರು. ಪರವಾಗಿಲ್ಲ, ಕೈ ಚೆನ್ನಾಗಿಯೇ ಪಳಗಿದೆ.