ಓರ್ಲಾಳ ಕೋಟಿನ ಉಂಗುರ

ಕೋವಿಡ್ ನಿರ್ಬಂಧಗಳು ಪೂರ್ತಿ ತೆರವಾದ ಮರುವರ್ಷ ನಾನು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಚ್‌ಆರ್ ಅಧಿಕಾರಿಯಾಗಿದ್ದೆ. ನೇಮಕಾತಿ, ವೀಸಾ, ರಜೆ, ಶಿಸ್ತುಕ್ರಮ ನನ್ನ ಕೆಲಸ. ಉಡುಪಿನ ನಿಯಮಾವಳಿಯನ್ನು ಬರೆಯುವುದು ನಮ್ಮ ವಿಭಾಗ. ಅದನ್ನು ದಿನಾ ಜಾರಿ ಮಾಡುವುದು ಆಯಾ ವಿಭಾಗದ ಮ್ಯಾನೇಜರ್. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದೆಲ್ಲ ಈ ಎರಡರ ನಡುವಿನ ಸಂದಿನಲ್ಲಿ ನಡೆಯಿತು.

ಸ್ವಾಗತ ವಿಭಾಗದವರಿಗೆ ಕಡುನೀಲಿ ಕೋಟು. ಎದೆಯ ಮೇಲೆ ಹೆಸರಿನ ಬ್ಯಾಡ್ಜ್, ಅದರ ಕೆಳಗೆ ಅವರಿಗೆ ಬರುವ ಭಾಷೆಗಳ ಸಣ್ಣ ಪಟ್ಟಿ. ಅರಬಿಕ್, ಇಂಗ್ಲಿಷ್, ಹಿಂದಿ, ಉರ್ದು, ಮಲಯಾಳಂ, ಫಿಲಿಪ್ಪೀನ್ಸಿನ ಟಗಾಲೋಗ್ ಇಷ್ಟಕ್ಕೆ ಅನುಮತಿಯಿತ್ತು. ಕನ್ನಡ ಇರಲಿಲ್ಲ, ಇರಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲೂ ಇಲ್ಲ. ಇವನ್ನು ಬಿಟ್ಟು ಕೋಟಿನ ಮೇಲೆ ಬೇರೆ ಪಿನ್ನು, ಬಿಲ್ಲೆ ಹಾಕುವಂತಿಲ್ಲ. ಧರ್ಮದ ಗುರುತಿಗೂ ಮದುವೆಯ ಗುರುತಿಗೂ ಮಾತ್ರ ವಿನಾಯಿತಿ. ನನ್ನ ಕರಿಮಣಿಯನ್ನು ಯಾರೂ ಪ್ರಶ್ನಿಸಿದ್ದಿಲ್ಲ.

ಓರ್ಲಾ ಐರ್ಲೆಂಡಿನಿಂದ ಬಂದವಳು, ಸ್ವಾಗತ ವಿಭಾಗದಲ್ಲಿ ರೋಗಿಗಳ ದೂರು ಕೇಳುವ ಹುದ್ದೆಗೆ. ಆರು ತಿಂಗಳ ಪ್ರೊಬೇಷನ್. ಗಂಡ ಇರಲಿಲ್ಲ, ಆರು ವರ್ಷದ ಮಗಳ ವೀಸಾ ತಾಯಿಯ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಹೋದರೆ ಮಗಳ ಶಾಲೆ, ಮನೆ ಎರಡೂ ಹೋಗುತ್ತವೆ ಎಂದು ಸೇರುವ ದಿನವೇ ನನ್ನ ಮೇಜಿನ ಮುಂದೆ ಕೂತು ಹೇಳಿದ್ದಳು. ಅವಳ ಕೋಟಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಅಗಲದ ಚಿನ್ನದ ಬಣ್ಣದ ಉಂಗುರವೊಂದು ಪಿನ್ನಿನಂತೆ ಚುಚ್ಚಿಕೊಂಡಿತ್ತು. ಅದರ ಹೆಸರು ಫಾನ್ಯ. ಅವಳ ನಾಡಿನಲ್ಲಿ ಐರಿಷ್ ಭಾಷೆ ಆಡುವವರು ಅದನ್ನು ಹಾಕಿಕೊಳ್ಳುತ್ತಾರೆ. ಎದುರು ಬಂದವರು ಉಂಗುರ ನೋಡಿ, ಇವರೊಡನೆ ಐರಿಷ್‌ನಲ್ಲಿ ಮಾತಾಡಬಹುದು ಎಂದು ತಿಳಿಯುತ್ತಾರೆ. ಅಲ್ಲೂ ಹೆಚ್ಚಿನವರು ಇಂಗ್ಲಿಷ್ ಆಡುವುದರಿಂದ ಹೀಗೆ ಗುರುತು ಬೇಕಾಗುತ್ತದಂತೆ.

ಸ್ವಾಗತ ವಿಭಾಗದ ಮ್ಯಾನೇಜರ್ ದಿನಕರ್, ಉಡುಪಿ ಕಡೆಯವರು. ಕೆಲಸದಲ್ಲಿ ಚುರುಕು. ಬೆಳಗಿನ ಬ್ರೀಫಿಂಗ್‌ನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು, ಶೂ, ಕೂದಲು, ಬ್ಯಾಡ್ಜ್ ನೋಡುತ್ತಿದ್ದರು. ಅಲ್ಲಿ ಇಂಗ್ಲಿಷ್ ಮಾತ್ರ ಎಂಬ ನಿಯಮ ಅವರದೇ. ಆದರೆ ಮೊದಲ ಸಲ ಆ ಉಂಗುರ ಕಣ್ಣಿಗೆ ಬಿದ್ದಾಗ ಅವರು ಅಂದು ಅಲ್ಲಿಗೆ ಹೋಗಿದ್ದ ನನ್ನ ಮತ್ತು ಉಳಿದ ಕನ್ನಡದವರ ಕಡೆ ತಿರುಗಿ ಕನ್ನಡದಲ್ಲಿ ಅಂದರು: “ಎಂಥ ಮಾರಾಯ್ರೆ, ಈ ಹೆಂಗಸಿನ ಮೂಗುತಿ ಜಾರಿ ಕೋಟಿಗೆ ಬಿತ್ತಾ ಹೇಗೆ?”

ಕನ್ನಡ ಬಲ್ಲವರು ನಕ್ಕರು. ಬಾರದವರೂ ನಕ್ಕರು. ಓರ್ಲಾ ಎಲ್ಲರ ಮುಖಗಳನ್ನೂ ನೋಡಿ, ತಾನೂ ಸ್ವಲ್ಪ ನಕ್ಕಳು.

ದಿನಕರ್ ತೆಗೆಯಿರಿ ಎಂದರು. ತೆಗೆದಳು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಸಾಲಿನಲ್ಲಿ ಅವಳ ಸರದಿ ಬಂದಾಗ ದಿನಕರ್ ನಿಂತು, ಆ ಭಾಷೆಯಲ್ಲಿ ‘ಗುಡ್ ಮಾರ್ನಿಂಗ್’ ಹೇಳಲು ಕೇಳಿದರು. ಅವಳು ಹೇಳಿದಳು. “ಯಾರಿಗಾದರೂ ಅರ್ಥವಾಯಿತಾ?” ಎಂದು ಇಂಗ್ಲಿಷಿನಲ್ಲಿ ಸಾಲನ್ನೆಲ್ಲ ಕೇಳಿದರು. ಅದು ದಿನದ ಆಟವಾಯಿತು. ಬರಬರುತ್ತ ಕೌಂಟರಿನ ಹುಡುಗರು ಬಾಯಿಗೆ ಬಂದ ಶಬ್ದಗಳನ್ನು ಕಲಸಿ ಅವಳಿಗೆ ನಮಸ್ಕಾರ ಹೇಳತೊಡಗಿದರು. ಊಟದ ಕೋಣೆಯಲ್ಲಿ ಅವಳು ತಟ್ಟೆ ಇಟ್ಟ ಮೇಜು ಖಾಲಿಯಾಗುತ್ತಿತ್ತು.

ನಾನು ದುಬೈಯಲ್ಲಿದ್ದ ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದೆ. “ಉಡುಪು ಮ್ಯಾನೇಜರಿಗೆ ಸೇರಿದ ವಿಷಯ, ಅವಳು ದೂರು ಕೊಟ್ಟಿದ್ದಾಳಾ?” ಎಂದರು. ಕೊಟ್ಟಿರಲಿಲ್ಲ. ಪ್ರೊಬೇಷನ್‌ನಲ್ಲಿರುವವರು ಕೊಡುವುದಿಲ್ಲ.

ಎರಡು ವಾರದ ನಂತರ ಓರ್ಲಾ ಉಂಗುರವನ್ನು ಮತ್ತೆ ಚುಚ್ಚಿಕೊಂಡು ಬಂದಳು. ಯಾಕೆಂದು ಕೇಳಿದೆ. “ತೆಗೆದ ಮೇಲೂ ನಗುತ್ತಾರಲ್ಲ. ಹಾಗಾದರೆ ಹಾಕಿಕೊಂಡೇ ನಗಿಸಿಕೊಳ್ಳುತ್ತೇನೆ” ಎಂದಳು.

ಪಕ್ಕದಲ್ಲಿದ್ದ ಸಫಿಯಾ ಬಿಲ್ಲಿಂಗ್‌ನವಳು, ಬಂಟ್ವಾಳದ ಬ್ಯಾರಿ ಹುಡುಗಿ, ತಲೆಗೆ ಸದಾ ಸ್ಕಾರ್ಫ್. ಅವಳು ನನ್ನ ಕಿವಿಯಲ್ಲಿ ಅಂದಳು: “ಅಕ್ಕ, ಅದು ಧರ್ಮದ್ದು ಅಂತ ಒಂದು ಮಾತು ಹೇಳ್ಲಿಕ್ಕೆ ಹೇಳಿ ಅವರಿಗೆ. ಖಲಾಸ್. ನನ್ನ ಸ್ಕಾರ್ಫನ್ನು ಯಾರಾದ್ರೂ ಕೇಳ್ತಾರಾ?”

ಒಳ್ಳೆಯ ಉಪಾಯ. ನಮ್ಮಲ್ಲಿ ಎಷ್ಟೋ ತೊಡಕುಗಳು ಹಾಗೆಯೇ ಬಗೆಹರಿದಿದ್ದವು. ನಾನು ಓರ್ಲಾಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. “ನಾನು ದೇವರನ್ನು ನಂಬುವುದಿಲ್ಲ. ಇದು ಮಾತಾಡುವುದಕ್ಕೆ ಇರುವುದು, ಅಷ್ಟೇ. ಮಗಳಿಗೆ ಹೇಗೆ ಹೇಳಲಿ, ಕೆಲಸ ಉಳಿಸಿಕೊಳ್ಳಲು ಇದನ್ನು ದೇವರ ಲೆಕ್ಕಕ್ಕೆ ಬರೆಸಿದೆ ಅಂತ?”

ಪ್ರೊಬೇಷನ್ ಮುಗಿಯುವ ಮುನ್ನ ಪರಿಶೀಲನಾ ಸಭೆ ನಡೆಯಿತು. ಕೋಣೆಯಲ್ಲಿ ನಾವು ನಾಲ್ವರು: ಓರ್ಲಾ, ದಿನಕರ್, ಟಿಪ್ಪಣಿ ಬರೆಯಲು ನಾನು, ಮತ್ತು ತೀರ್ಮಾನ ಮಾಡಬೇಕಾದ ಆಪರೇಷನ್ಸ್ ಡೈರೆಕ್ಟರ್ ಬ್ರೆಂಡನ್. ಬ್ರೆಂಡನ್ ಕೂಡ ಐರ್ಲೆಂಡಿನವರೇ. ಹದಿನೈದು ವರ್ಷ ಗಲ್ಫ್‌ನಲ್ಲಿದ್ದವರು. ಅಲ್ಲಿ ಶಾಲೆಯಲ್ಲಿ ಎಲ್ಲರೂ ಐರಿಷ್ ಕಲಿಯುತ್ತಾರಂತೆ, ಆದರೂ ತಮಗೆ ಒಂದಕ್ಷರವೂ ಬಾರದು ಎಂದು ಪಾರ್ಟಿಗಳಲ್ಲಿ ತಮಾಷೆ ಮಾಡುತ್ತಿದ್ದರು.

ಅವಳ ಕೆಲಸದಲ್ಲಿ ಕೊರತೆ ಇರಲಿಲ್ಲ. ದಿನಕರ್ ಕೂಡ ಒಪ್ಪಿಕೊಂಡರು. ಉಳಿದದ್ದು ನಿಯಮ ಉಲ್ಲಂಘನೆ. ಓರ್ಲಾ ತನ್ನ ಬ್ಯಾಡ್ಜಿನ ಪಟ್ಟಿಯಲ್ಲಿ ಐರಿಷ್ ಸೇರಿಸಿದರೆ ಪಿನ್ನು ತೆಗೆಯುತ್ತೇನೆ ಎಂದಳು.

ದಿನಕರ್ ನಕ್ಕರು. “ಸರ್, ಈ ಕಟ್ಟಡದಲ್ಲಿ ಒಬ್ಬರು, ಒಬ್ಬರೇ ಒಬ್ಬರು ಅವಳಿಗೆ ಆ ಭಾಷೆಯಲ್ಲಿ ಉತ್ತರ ಕೊಡಲಿ, ನಾಳೆಯೇ ಸೇರಿಸುತ್ತೇನೆ.”

“ಇದು ಅದಕ್ಕಾಗಿ ಕರೆದ ಸಭೆಯಲ್ಲ” ಎಂದೆ ನಾನು. ಬ್ರೆಂಡನ್ ಕೈಯೆತ್ತಿ ನನ್ನನ್ನು ತಡೆದರು. ಅವರಿಗೂ ಅದು ತಮಾಷೆ ಎನ್ನಿಸಿರಬೇಕು. ಇನ್ನೊಂದು ಕೈಯಲ್ಲಿ ಚಹಾದ ಕಪ್ಪು ತುಟಿಯ ಹತ್ತಿರವಿತ್ತು.

ಓರ್ಲಾ ಅವರ ಕಡೆ ತಿರುಗಿ, ನಿಧಾನವಾಗಿ, ಒಂದೇ ಒಂದು ವಾಕ್ಯ ಹೇಳಿದಳು. ದನಿ ಏರಲಿಲ್ಲ. ಬ್ರೆಂಡನ್ ಕುಡಿಯಲಿಲ್ಲ. ಕಪ್ಪನ್ನು ತಟ್ಟೆಯ ಮೇಲಿಟ್ಟರು. ಅವರ ಕಿವಿಗಳು ಕೆಂಪಾದವು.

“ಏನಂದಳು?” ದಿನಕರ್ ಕೇಳಿದರು.

ಓರ್ಲಾ ಇಂಗ್ಲಿಷಿನಲ್ಲಿ ಹೇಳಿದಳು: “ನಿಮಗೆ ಅರ್ಥವಾಗುತ್ತಿದ್ದರೆ, ಉತ್ತರ ಕೊಡುವ ಧೈರ್ಯವಿಲ್ಲದಿದ್ದರೆ, ಕಪ್ಪು ಕೆಳಗಿಡಿ ಅಂದೆ.”

ದಿನಕರ್ ಮುಖದಲ್ಲಿ ನಗು ಇತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ನಾವು ಮೂವರೂ ಬ್ರೆಂಡನ್ ಬಾಯಿ ತೆರೆಯುವುದನ್ನು ಕಾದೆವು. ಒಂದು ಪದ ಸಾಕಿತ್ತು. ಯಾವ ಪದವಾದರೂ ಸಾಕಿತ್ತು.

“ಚಹಾ ಬಿಸಿಯಿತ್ತು” ಎಂದರು ಬ್ರೆಂಡನ್, ಇಂಗ್ಲಿಷಿನಲ್ಲಿ. ಆಮೇಲೆ ನನ್ನ ಕಡೆ ನೋಡಿ, “ನೋಟಿಸ್ ಸಿದ್ಧಮಾಡಿ” ಎಂದರು.

ಪ್ರೊಬೇಷನ್‌ನಲ್ಲಿರುವವರನ್ನು ಕೆಲಸದಿಂದ ತೆಗೆಯಲು ಹದಿನಾಲ್ಕು ದಿನಗಳ ನೋಟಿಸ್ ಸಾಕು, ಕಾರಣ ಬರೆಯಬೇಕಿಲ್ಲ. ತಾಯಿಯ ವೀಸಾ ರದ್ದು ಮಾಡುವ ಮೊದಲು ಮಗಳದ್ದನ್ನು ರದ್ದು ಮಾಡಬೇಕು. ಆ ಕೆಲಸ ನನ್ನ ಮೇಜಿನ ಮೇಲೆಯೇ ಆಯಿತು. ಸಹಿ ಹಾಕುವಾಗ ಓರ್ಲಾ ಕೇಳಿದ್ದು ಒಂದೇ: ಮಗಳು ಶಾಲೆಯ ಪರೀಕ್ಷೆ ಮುಗಿಸಿ ಹೋಗಬಹುದೇ? ವೀಸಾ ರದ್ದಾದ ಮೇಲೆ ದೇಶದಲ್ಲಿ ಉಳಿಯಬಹುದಾದ ಗ್ರೇಸ್ ಅವಧಿಯನ್ನು ಲೆಕ್ಕ ಹಾಕಿದೆ. ಆಗುವುದಿಲ್ಲ ಎಂದು ಹೇಳಬೇಕಾಯಿತು.

ಈಗಲೂ ಅದೇ ವೃತ್ತಿಯಲ್ಲಿದ್ದೇನೆ. ನಿಯಮಾವಳಿಯ ಕರಡು ಮುಂದೆ ಬಂದಾಗ ಬಟ್ಟೆ, ಬಣ್ಣ, ಉದ್ದ, ಗಿಡ್ಡ ಎಲ್ಲವನ್ನೂ ಎಲ್ಲರಂತೆ ಓದುತ್ತೇನೆ. ಕೊನೆಗೆ ಇನ್ನೊಂದನ್ನು ಕೇಳುತ್ತೇನೆ: ಇದನ್ನು ಪಾಲಿಸಿದವರನ್ನು ಆಮೇಲೆ ಸುಮ್ಮನೆ ಬಿಡುತ್ತೀರಾ? ಓರ್ಲಾ ಮೊದಲ ದಿನವೇ ಉಂಗುರ ತೆಗೆದಿದ್ದಳು. ಮಾತು ಪಾಲಿಸಿದವಳನ್ನು ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ ಹಿಂಸಿಸುವ ಅಧಿಕಾರವನ್ನು ಯಾವ ನಿಯಮವೂ ಕೊಟ್ಟಿರಲಿಲ್ಲ. ಅದು ತಪ್ಪೆಂದು ಹೇಳುವ ನಿಯಮವೂ ಇರಲಿಲ್ಲ. ಈಗ ಕರಡಿಗೆ ಹಾಗೆ ಹೇಳುವ ಒಂದು ಸಾಲು ಸೇರಿಸುತ್ತೇನೆ. ಹೆಚ್ಚಿನ ಕಡೆ ಅದನ್ನು ಹೊಡೆದುಹಾಕಿ ವಾಪಸ್ ಕಳಿಸುತ್ತಾರೆ. ನಾನು ಮತ್ತೆ ಬರೆಯುತ್ತೇನೆ.